ಗೊಬ್ಬರ ಹಾಕಿದರೂ ಬೆಳೆಗೆ ರಂಜಕ ಸಿಗುತ್ತಿಲ್ಲವೇ? ಉಳುಮೆ ಮತ್ತು ಹೊದಿಕೆ ಬೆಳೆಯ ಕಡೆಯಿಂದ ದೋಷ ಹುಡುಕುವ ಬಗೆ

ಉಷ್ಣವಲಯದ ಕೆಂಪು ಮಣ್ಣಿಗೆ ರಂಜಕ (ಫಾಸ್ಫರಸ್) ಹಾಕುವುದು ಜಿಪುಣನ ಕೈಗೆ ದುಡ್ಡು ಕೊಟ್ಟ ಹಾಗೆ. ಕೊಟ್ಟದ್ದು ಕಳೆದುಹೋಗುವುದಿಲ್ಲ, ಕೇಳಿದಾಗ ಸಿಗುವುದೂ ಇಲ್ಲ. ಈ ಮಣ್ಣಿಗೆ ಕೆಂಪು, ಹಳದಿ ಬಣ್ಣ ಕೊಡುವ ಹೆಮಟೈಟ್, ಗೋಥೈಟ್‌ಗಳು ಕಬ್ಬಿಣದ ಆಕ್ಸೈಡುಗಳು. ಅವುಗಳ ಜೊತೆಗೆ ಅಲ್ಯೂಮಿನಿಯಂನ ಗಿಬ್ಸೈಟ್ ಇರುತ್ತದೆ. ನೀರಿನಲ್ಲಿ ಕರಗಿದ ಫಾಸ್ಫೇಟ್ ಇವುಗಳ ಮೈಗೆ ತಾಗಿದ ಕೂಡಲೇ ಅಂಟಿಕೊಳ್ಳುತ್ತದೆ, ದಿನ ಕಳೆದಂತೆ ಆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಹಾಕಿದ ವರ್ಷ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ 10ರಿಂದ 25ರಷ್ಟು ಮಾತ್ರ. ಉಳಿದದ್ದು ಹೊಲದಲ್ಲೇ ಇದೆ.

ಹಾಗಾಗಿ ಬೆಳೆ ಸೊರಗಿದಾಗ ‘ರಂಜಕ ಎಷ್ಟಿದೆ’ ಎಂದು ಕೇಳುವುದಕ್ಕಿಂತ ಅದು ಎಲ್ಲಿದೆ, ಯಾವ ರೂಪದಲ್ಲಿದೆ, ಯಾವಾಗ ಬಿಡುಗಡೆಯಾಗುತ್ತದೆ ಎಂದು ಕೇಳುವುದು ಮೇಲು. ಎಲ್ಲಿರಬೇಕು ಎನ್ನುವುದನ್ನು ಬಹುಮಟ್ಟಿಗೆ ನಿಮ್ಮ ನೇಗಿಲು ತೀರ್ಮಾನಿಸುತ್ತದೆ. ರೂಪ ಮತ್ತು ಸಮಯ ಹೊದಿಕೆ ಬೆಳೆಯ, ಅಂದರೆ ಮುಖ್ಯ ಬೆಳೆಗಳ ನಡುವೆ ನೆಲ ಮುಚ್ಚಲು ಬೆಳೆಸಿ ಕಡಿದು ಹಾಸುವ ಗಿಡಗಳ ಕೈಯಲ್ಲಿವೆ. ಇನ್ನೊಂದು ಚೀಲ ಗೊಬ್ಬರ ಕೊಳ್ಳುವ ಮೊದಲು ಈ ಎರಡರ ಲೆಕ್ಕ ಮುಗಿಸಿಬಿಡಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಗುದ್ದಲಿ ಅಥವಾ ಸನಿಕೆ, ಬೆರಳು ದಪ್ಪದ ಒಂದು ಕಬ್ಬಿಣದ ಸರಳು, ಅಳತೆ ಪಟ್ಟಿ, ಮೂರು ಬಕೆಟ್, ಮಣ್ಣಿನ ರಸಸಾರ (ಪಿಎಚ್) ನೋಡುವ ಕಾಗದದ ಪಟ್ಟಿ, ಒಂದು ನೋಟ್‌ಬುಕ್. ಹಿಂದಿನ ಮೂರು ವರ್ಷ ಯಾವ ಭಾಗವನ್ನು ಯಾವಾಗ ಉತ್ತಿರಿ, ಯಾವ ಹೊದಿಕೆ ಬೆಳೆಯನ್ನು ಎಂದು ಕಡಿದಿರಿ ಎಂಬುದನ್ನು ನೆನಪು ಮಾಡಿಕೊಂಡು ಬರೆದಿಡಿ. ಅರ್ಧ ದೋಷ ಆ ಪುಟದಲ್ಲೇ ಸಿಕ್ಕಿಬೀಳುವುದುಂಟು.

ಎಳೆ ಗಿಡದ ಎಲೆ ನೇರಳೆಗಟ್ಟಿದೆ, ಬೆಳವಣಿಗೆ ನಿಂತಿದೆ

ಎಲ್ಲರ ಕಣ್ಣಿಗೂ ಮೊದಲು ಬೀಳುವ ಲಕ್ಷಣ ಇದು. ಎಲ್ಲರೂ ಎಡವುವುದೂ ಇಲ್ಲಿಯೇ. ರಂಜಕ ಕಡಿಮೆಯಾದಾಗ ಎಲೆಯಲ್ಲಿ ಸಕ್ಕರೆ ಉಳಿದು ಆಂಥೋಸಯಾನಿನ್ ಎಂಬ ಬಣ್ಣ ಹುಟ್ಟುತ್ತದೆ. ಸಕ್ಕರೆ ಉಳಿಯಲು ಬೇರೆ ಕಾರಣಗಳೂ ಇವೆ: ಬೇರಿಗೆ ಪೆಟ್ಟು, ನೀರು ನಿಲ್ಲುವುದು, ಚಳಿಯ ರಾತ್ರಿಗಳು. ಕೆಲವು ತಳಿಗಳ ಮೈಬಣ್ಣವೇ ನೇರಳೆ.

ಮೊದಲು ಯಾವ ಎಲೆ ಎಂದು ನೋಡಿ. ಗಿಡ ರಂಜಕವನ್ನು ಹಳೆಯ ಎಲೆಯಿಂದ ಹೊಸ ಎಲೆಗೆ ಸಾಗಿಸುತ್ತದೆ, ಹಾಗಾಗಿ ಕೊರತೆ ಕಾಣಬೇಕಾದದ್ದು ಕೆಳಗಿನ ಎಲೆಗಳಲ್ಲಿ. ಮೆಕ್ಕೆಜೋಳದ ಎಳೆಯ ಎಲೆಯಲ್ಲಿ ಬಿಳಿಚಿದ ಪಟ್ಟೆ ಕಂಡರೆ ಸತು ನೆನಪಾಗಲಿ; ರಂಜಕ ಅತಿಯಾದ ಕಡೆ ಸತುವಿನ ಕೊರತೆ ಇನ್ನೂ ಜೋರಾಗುತ್ತದೆ, ಅಲ್ಲಿ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) ಸುರಿದರೆ ಗಾಯಕ್ಕೆ ಉಪ್ಪು. ಕೆಳ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತ ಬಂದರೆ ಅದು ಸಾರಜನಕದ ಹಸಿವು.

ಭತ್ತ, ದ್ವಿದಳ ಧಾನ್ಯಗಳಲ್ಲಿ ನೇರಳೆಗಾಗಿ ಕಾಯಬೇಡಿ. ಅವುಗಳಲ್ಲಿ ರಂಜಕದ ಕೊರತೆ ಮೋಸಗಾರ. ಎಲೆ ಕಡು ಹಸಿರಾಗಿ ‘ಚೆನ್ನಾಗಿದೆ’ ಎನ್ನುವಂತೆ ಕಾಣುತ್ತದೆ, ಆದರೆ ಗಿಡ ಕುಳ್ಳ. ಭತ್ತದಲ್ಲಿ ತೆಂಡೆ ಕಡಿಮೆ, ದ್ವಿದಳದ ಬೇರಿನಲ್ಲಿ ಗಂಟುಗಳು ಕಡಿಮೆ, ಹೂವು ತಡ.

ಆಮೇಲೆ ಹೊಲದ ಬದುವಿನ ಮೇಲೆ ನಿಂತು ಒಟ್ಟು ಚಿತ್ರ ನೋಡಿ. ಸೊರಗಿದ ಗಿಡಗಳು ಟ್ರ್ಯಾಕ್ಟರ್ ಗಾಲಿಯ ಜಾಡಿನಲ್ಲಿ ಸಾಲಾಗಿದ್ದರೆ ಮಣ್ಣು ಗಟ್ಟಿಯಾಗಿದೆ. ತಗ್ಗಿನಲ್ಲಿ ಮಾತ್ರ ಇದ್ದರೆ ನೀರು ನಿಂತಿದೆ. ಹೊದಿಕೆ ಬೆಳೆ ದಟ್ಟವಾಗಿದ್ದ ಪಟ್ಟಿಯಲ್ಲೇ ಇದ್ದರೆ ಕೆಳಗೆ ಹೇಳುವ ‘ಸೊಪ್ಪು ಕಡಿದು ಹಾಸಿದ ಮೇಲೆ’ ಭಾಗಕ್ಕೆ ಹೋಗಿ. ಮೂಟೆ ಇಟ್ಟಿದ್ದ ಜಾಗ, ಹಳೆಯ ಸೊಪ್ಪಿನ ರಾಶಿಯ ಜಾಗ, ಬೂದಿ ಬಿದ್ದ ಜಾಗದಲ್ಲಿ ಮಾತ್ರ ಗಿಡ ಸೊಂಪಾಗಿದ್ದರೆ ಕೊರತೆ ಪೋಷಕಾಂಶದ್ದೇ ಎಂದು ಹೊಲವೇ ನಿಮಗೆ ಹೇಳುತ್ತಿದೆ.

ಬಿತ್ತಿದ ಎರಡು ಮೂರು ವಾರಕ್ಕೆ ಕಂಡ ನೇರಳೆ, ಬಿಸಿಲು ಬಂದು ಬೇರು ಹರಡಿದ ಮೇಲೆ ತಾನಾಗಿ ಮಾಯವಾದರೆ ಅದರ ಹಿಂದೆ ಬೀಳಬೇಡಿ. ಆರೇಳು ಎಲೆಯ ಹೊತ್ತಿಗೂ ಉಳಿದಿದ್ದರೆ ಮುಂದೆ ನೋಡೋಣ.

ಗಿಡ ಕಿತ್ತು ನೋಡಿದರೆ ಬೇರು ಮೋಟಾಗಿದೆ, ಇಲ್ಲವೇ ಪಕ್ಕಕ್ಕೆ ತಿರುಗಿದೆ

ಸಾರಜನಕ ನೀರಿನ ಜೊತೆ ಬೇರಿನ ಬಳಿಗೆ ಹರಿದು ಬರುತ್ತದೆ. ರಂಜಕ ಬರುವುದಿಲ್ಲ, ಅದು ಮಣ್ಣಿನಲ್ಲಿ ಸರಿಯುವುದು ಮಿಲಿಮೀಟರುಗಳ ಲೆಕ್ಕದಲ್ಲಿ. ಬೇರೇ ಅದರ ಮನೆ ಬಾಗಿಲಿಗೆ ಹೋಗಬೇಕು. ಹಾಗಾಗಿ ಬೇರು ಕೆಟ್ಟರೆ ರಂಜಕ ತುಂಬಿ ತುಳುಕುವ ಮಣ್ಣಿನಲ್ಲೂ ಗಿಡ ಉಪವಾಸ.

ಗಿಡವನ್ನು ಕೈಯಲ್ಲಿ ಎಳೆಯಬೇಡಿ, ಸಣ್ಣ ಬೇರು ಮಣ್ಣಲ್ಲೇ ಉಳಿದುಬಿಡುತ್ತದೆ. ಸುತ್ತ ಒಂದು ಗೇಣು ಬಿಟ್ಟು ಮೊಣಕಾಲುದ್ದದ ಗುಂಡಿ ತೋಡಿ, ಹೆಂಟೆಸಮೇತ ಎತ್ತಿ ಬಕೆಟ್ ನೀರಿನಲ್ಲಿ ನೆನೆಹಾಕಿ ತೊಳೆಯಿರಿ.

ತಾಯಿಬೇರು 15ರಿಂದ 20 ಸೆಂ.ಮೀ. ಆಳದಲ್ಲಿ ಗೋಡೆಗೆ ತಾಗಿದಂತೆ ಅಡ್ಡಕ್ಕೆ ತಿರುಗಿದ್ದರೆ ಅಲ್ಲಿ ನೇಗಿಲು ಅಥವಾ ಡಿಸ್ಕ್ ವರ್ಷಾನುಗಟ್ಟಲೆ ಒಂದೇ ಆಳದಲ್ಲಿ ಓಡಾಡಿ ಮಾಡಿದ ಗಟ್ಟಿ ಪದರವಿದೆ. ಖಾತ್ರಿಗೆ ಸರಳು ಚುಚ್ಚಿ. ಒಳ್ಳೆಯ ಮಳೆಯಾಗಿ ಎರಡು ದಿನ ಕಳೆದ ಮೇಲೆ ಚುಚ್ಚಬೇಕು. ಒಣ ಮಣ್ಣು ಎಲ್ಲೆಡೆಯೂ ಗಟ್ಟಿಯೇ. ಸಲೀಸಾಗಿ ಇಳಿದ ಸರಳು ಒಂದೇ ಆಳದಲ್ಲಿ ತಡೆದು, ಒತ್ತಿದ ಮೇಲೆ ಮತ್ತೆ ಸಲೀಸಾದರೆ ಪದರ ಸಿಕ್ಕಿತು. ಅದು ತೆಳ್ಳಗಿದ್ದರೆ ಹರಡುಬೇರಿನ ಹುಲ್ಲಿಗಿಂತ ದಪ್ಪ ತಾಯಿಬೇರಿನ ತೊಗರಿ, ಸೆಣಬಿನಂಥ ಹೊದಿಕೆ ಬೆಳೆ ಒಂದೆರಡು ಹಂಗಾಮಿನಲ್ಲಿ ದಾರಿ ಕೊರೆಯಬಲ್ಲದು. ತುಂಬ ದಪ್ಪಗಿದ್ದರೆ ಯಂತ್ರದಿಂದ ಆಳ ಸೀಳಬೇಕಾಗುತ್ತದೆ. ಹಸಿ ಮಣ್ಣಿನಲ್ಲಿ ಸೀಳಿದರೆ ಪದರ ಒಡೆಯದೆ ಇನ್ನಷ್ಟು ಅದುಮಿಕೊಳ್ಳುತ್ತದೆ.

ಬೇರು ತಿರುಗದೆ, ತುದಿ ಮೋಟಾಗಿ ದಪ್ಪಗಾಗಿ, ಕವಲಿಲ್ಲದೆ ಕಂದುಬಣ್ಣಕ್ಕೆ ಬಂದಿದ್ದರೆ ಅಲ್ಯೂಮಿನಿಯಂ ವಿಷದ ಅನುಮಾನ. ಮಣ್ಣಿನ ರಸಸಾರ 5.5ಕ್ಕಿಂತ ಕೆಳಗಿಳಿದಂತೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೊಲ್ಲುತ್ತದೆ. ಕಾಗದದ ಪಟ್ಟಿಯಿಂದ ಮೇಲ್ಮಣ್ಣು ಮತ್ತು 30 ಸೆಂ.ಮೀ. ಆಳದ ಮಣ್ಣನ್ನು ಬೇರೆಬೇರೆಯಾಗಿ ನೋಡಿ. ಉಳದ ಹೊಲದಲ್ಲಿ ಇದು ಮುಖ್ಯ, ಏಕೆಂದರೆ ಆಮ್ಲೀಯತೆ ತಗ್ಗಿಸಲು ಮೇಲೆ ಎರಚಿದ ಸುಣ್ಣ ಬಹುಕಾಲ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಕುಳಿತಿರುತ್ತದೆ. ಮೇಲೆ 6, ಕೆಳಗೆ 4.8 ಎಂಬಂಥ ಅಂಕಿ ಬಂದರೆ ಬೇರು ಮೇಲಿನ ಪದರದಲ್ಲೇ ಸೆರೆ.

ಇಲ್ಲಿ ನಿಲ್ಲಿ. ಎಷ್ಟು ಸುಣ್ಣ ಬೇಕು ಎನ್ನುವುದನ್ನು ಪಟ್ಟಿಯ ಬಣ್ಣ ನೋಡಿ ನಿರ್ಧರಿಸಲಾಗದು. ಒಂದೇ ರಸಸಾರದ ಮರಳು ಮಣ್ಣಿಗೂ ಜೇಡಿ ಮಣ್ಣಿಗೂ ಬೇಕಾದ ಸುಣ್ಣ ಬೇರೆ. ಪ್ರಯೋಗಾಲಯದಲ್ಲಿ ವಿನಿಮಯ ಆಮ್ಲೀಯತೆ, ಅಂದರೆ ಮಣ್ಣಿನ ಕಣಗಳು ಹಿಡಿದಿಟ್ಟ ಆಮ್ಲದ ಪ್ರಮಾಣ ಅಳೆಸಿ. ಉಷ್ಣವಲಯದ ಮಣ್ಣನ್ನು ರಸಸಾರ 7ಕ್ಕೆ ಏರಿಸಲು ಹೊರಡುವುದೂ ತಪ್ಪು. ಅಲ್ಯೂಮಿನಿಯಂ ಅಡಗಲು 5.5 ದಾಟಿದರೆ ಸಾಕು, ಅತಿಯಾದರೆ ಸತು, ಮ್ಯಾಂಗನೀಸ್, ಬೋರಾನ್ ಕೈಕೊಡುತ್ತವೆ.

ಎಚ್ಚರಿಕೆ: ಸುಟ್ಟ ಸುಣ್ಣ ಬೆವರು, ಕಣ್ಣೀರು ತಾಗಿದರೂ ಕುದಿಯುತ್ತದೆ. ಪುಡಿಮಾಡಿದ ಕೃಷಿ ಸುಣ್ಣವನ್ನೇ ಬಳಸಿ, ಆಗಲೂ ಕನ್ನಡಕ, ಮುಖಗವಸು, ಕೈಗವಸು ಇರಲಿ. ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಸುಣ್ಣವನ್ನು ಡಿಎಪಿ, ಯೂರಿಯಾ ಜೊತೆ ಬೆರೆಸಿ ಎರಚಬೇಡಿ. ಡಿಎಪಿಯಲ್ಲಿನ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಉಸಿರಿಗೂ ಕೆಟ್ಟದ್ದು. ಗುಂಡಿ ಸೊಂಟಕ್ಕಿಂತ ಆಳವಾದರೆ ಒಬ್ಬರೇ ಇಳಿಯಬೇಡಿ.

ಹೊದಿಕೆ ಬೆಳೆಯ ಸೊಪ್ಪು ಕಡಿದು ಹಾಸಿದ ಮೇಲೆ ಮುಖ್ಯ ಬೆಳೆಯೇ ಸೊರಗಿತು

‘ಮಣ್ಣಿಗೆ ಒಳ್ಳೆಯದು ಅಂತ ಮಾಡಿದೆವು, ಉಲ್ಟಾ ಹೊಡೆಯಿತು’ ಎಂಬ ದೂರು ಇದು. ದೂರು ನಿಜ, ಆದರೆ ಹೊದಿಕೆ ಬೆಳೆಯ ತಪ್ಪಿಗಿಂತ ಅದನ್ನು ಕಡಿದ ದಿನದ ತಪ್ಪು ಹೆಚ್ಚು.

ಸೊಪ್ಪು ಕೊಳೆಸುವ ಸೂಕ್ಷ್ಮಜೀವಿಗಳಿಗೂ ರಂಜಕ ಬೇಕು. ಸೊಪ್ಪಿನಲ್ಲಿ ಸಾಕಷ್ಟಿಲ್ಲದಿದ್ದರೆ ಅವು ಮಣ್ಣಿನದ್ದನ್ನು ಕಿತ್ತುಕೊಳ್ಳುತ್ತವೆ. ಒಂದು ಭಾಗ ರಂಜಕಕ್ಕೆ 200ಕ್ಕಿಂತ ಕಡಿಮೆ ಭಾಗ ಇಂಗಾಲವಿದ್ದರೆ ಸೊಪ್ಪು ರಂಜಕ ಬಿಟ್ಟುಕೊಡುತ್ತದೆ, 300 ದಾಟಿದರೆ ಮಣ್ಣಿನಿಂದ ಕಸಿಯುತ್ತದೆ, ನಡುವೆ ಇದ್ದರೆ ಎತ್ತಲೂ ವಾಲಬಹುದು. ಒಣ ಸೊಪ್ಪಿನಲ್ಲಿ ರಂಜಕ ಸುಮಾರು ಶೇ 0.2ಕ್ಕಿಂತ ಹೆಚ್ಚಿದ್ದರೆ ಕೊಡುಗೈ, ಕಡಿಮೆಯಿದ್ದರೆ ಕಸಿಯುವ ಕೈ ಎಂದು ಅಂದಾಜಿಸಬಹುದು.

ಪ್ರಯೋಗಾಲಯವಿಲ್ಲದೆ ಇದನ್ನು ತಿಳಿಯಲು ಒಂದು ಹಿಡಿ ಸೊಪ್ಪು ಕೈಗೆತ್ತಿಕೊಳ್ಳಿ. ಕಾಂಡ ಬಾಗಿಸಿದರೆ ರಸ ಒಸರಿ ಮುರಿಯುತ್ತದೆಯೇ, ಇಲ್ಲ ನಾರಾಗಿ ಸೀಳುತ್ತದೆಯೇ? ಹೂ ಬಿಡುವ ಮುಂಚೆ ಅಥವಾ ಹೂವಿನ ಆರಂಭದಲ್ಲಿ ಕಡಿದ ಅಲಸಂದೆ, ಸೆಣಬು, ಡಯಾಂಚ ಮೊದಲ ಗುಂಪಿಗೆ ಸೇರುತ್ತವೆ. ತೆನೆ ಬಲಿತ ಮೇಲೆ ಕೆಡವಿದ ಜೋಳ, ಸಜ್ಜೆ, ಕಟ್ಟಿಗೆಯಾದ ಸೆಣಬು ಎರಡನೆಯದಕ್ಕೆ. ಬೀಜ ಕಟ್ಟಿದ್ದರೆ ಎಲೆಯ ರಂಜಕ ಆಗಲೇ ಬೀಜಕ್ಕೆ ಏರಿಹೋಗಿರುತ್ತದೆ. ನೀವು ಹಾಸಿದ್ದು ಖಾಲಿ ಡಬ್ಬಿ.

ಸೊಪ್ಪು ಕಸಿದದ್ದು ರಂಜಕವನ್ನೋ ಸಾರಜನಕವನ್ನೋ? ಬೆಳೆ ತಿಳಿ ಹಳದಿಯಾಗಿದ್ದರೆ ಸಾರಜನಕ ಮೊದಲ ಆರೋಪಿ. ಹತ್ತು ಹೆಜ್ಜೆ ಸಾಲಿಗೆ ಸ್ವಲ್ಪ ಯೂರಿಯಾ ಕೊಟ್ಟು ಮಣ್ಣು ಮುಚ್ಚಿ. ವಾರ ಹತ್ತು ದಿನದಲ್ಲಿ ಹಸಿರು ತಿರುಗಿದರೆ ಉತ್ತರ ಸಿಕ್ಕಿತು. ಹಸಿರು ಕಡುವಾಗಿಯೇ ಇದ್ದು ಗಿಡ ಏಳದಿದ್ದರೆ ರಂಜಕದ ಕಡೆ ತಿರುಗಿ.

ಹುಲ್ಲಿನ ಜಾತಿಯ ಹೊದಿಕೆಗೆ ಇನ್ನೊಂದು ಮುಖವಿದೆ. ಬ್ರೆಜಿಲ್‌ನಲ್ಲಿ ಸೋಯಾ ಬೆಳೆಗಳ ನಡುವೆ ರೂಜಿ ಹುಲ್ಲು ಎಂಬ ಬ್ರಾಕಿಯೇರಿಯಾ ಜಾತಿಯನ್ನು ಹೊದಿಕೆಯಾಗಿ ಬೆಳೆಸಿ ನೋಡಿದ್ದಾರೆ. ಅದರ ಬೇರು ರಂಜಕವನ್ನು ಚೆನ್ನಾಗಿ ಹೀರುತ್ತದೆ, ಮಣ್ಣಿನಲ್ಲಿ ಸಾವಯವ ಅಂಶವೂ ಹೆಚ್ಚುತ್ತದೆ. ಆದರೂ ಮುಂದಿನ ಬೆಳೆಗೆ ಸಿಗುವ ರಂಜಕ ಪಾಳು ಬಿಟ್ಟ ಜಾಗಕ್ಕಿಂತ ಕಡಿಮೆಯಾದದ್ದು ಆ ಪ್ರಯೋಗಗಳಲ್ಲಿ ಕಂಡುಬಂದಿದೆ. ಹುಲ್ಲು ಬೇಡ ಎಂದು ಇದರರ್ಥವಲ್ಲ. ಕಳೆ ತಡೆಯಲು, ನೆಲ ತಂಪಾಗಿಡಲು ಅದಕ್ಕೆ ಸಾಟಿಯಿಲ್ಲ. ರಂಜಕ ತರುತ್ತದೆ ಎಂದು ಮಾತ್ರ ಅದನ್ನು ನಂಬಿ ಕೂರಬೇಡಿ.

ತರುವವರೂ ಇದ್ದಾರೆ. ತೊಗರಿಯ ಬೇರು ಪಿಸಿಡಿಕ್ ಆಮ್ಲ ಸ್ರವಿಸಿ ಕಬ್ಬಿಣವನ್ನು ಹಿಡಿದು, ಅದಕ್ಕೆ ಅಂಟಿದ್ದ ರಂಜಕವನ್ನು ಬಿಡಿಸುತ್ತದೆ ಎಂದು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಸ್ಥೆಯ ಸಂಶೋಧಕರು 1990ರಲ್ಲಿ ತೋರಿಸಿದರು. ಬಿಳಿ ಲೂಪಿನ್ ಎಂಬ ದ್ವಿದಳ ಗಿಡ ಗೊಂಚಲು ಬೇರು ಬಿಟ್ಟು, ಅದೇ ಕೆಲಸಕ್ಕೆ ಸಿಟ್ರೇಟ್ ಸುರಿಸುತ್ತದೆ. ಪಶ್ಚಿಮ ಕೀನ್ಯಾದಲ್ಲಿ ಬದುಗಳ ಮೇಲೆ ಬೆಳೆಯುವ ಟಿಥೋನಿಯಾ, ಅಂದರೆ ಕಾಡು ಸೂರ್ಯಕಾಂತಿಯ ಒಣ ಎಲೆಯಲ್ಲಿ ಸುಮಾರು ಶೇ 0.37 ರಂಜಕವಿರುತ್ತದೆ, ಅಲ್ಲಿನ ರೈತರು ಅದನ್ನು ಕಡಿದು ಹೊಲಕ್ಕೆ ಹಾಕುತ್ತಾರೆ.

ಒಂದು ಲೆಕ್ಕ ಮಾತ್ರ ಮರೆಯಬಾರದು. ಹೊದಿಕೆ ಬೆಳೆ ರಂಜಕವನ್ನು ಸೃಷ್ಟಿಸುವುದಿಲ್ಲ. ಸಾರಜನಕವನ್ನಾದರೆ ದ್ವಿದಳ ಗಿಡ ಗಾಳಿಯಿಂದ ತರುತ್ತದೆ. ರಂಜಕ ಇದ್ದ ಮಣ್ಣಿನಿಂದಲೇ ಬರಬೇಕು. ಹೆಕ್ಟೇರಿಗೆ 5 ಟನ್ ಒಣ ಸೊಪ್ಪು, ಅದರಲ್ಲಿ ಶೇ 0.2 ರಂಜಕ ಎಂದರೆ 10 ಕಿಲೋ. ಅದೇ ಸೊಪ್ಪನ್ನು ದನಕ್ಕೆ ಹೊತ್ತೊಯ್ದು ಸಗಣಿಯನ್ನು ಬೇರೆ ಹೊಲಕ್ಕೆ ಹಾಕಿದರೆ ಪ್ರತಿವರ್ಷ ಆ 10 ಕಿಲೋ ಈ ಹೊಲದಿಂದ ಹೊರಟಿತು. ಟಿಥೋನಿಯಾ ಬದುವಿನ ಕಥೆಯೂ ಅಷ್ಟೇ, ಬದು ಬಡವಾಗುತ್ತದೆ.

ಈಗಾಗಲೇ ಸೊರಗಿದ ಬೆಳೆಗೆ ಏನು ಮಾಡುವುದು? ಹಾಸಿದ ಸೊಪ್ಪನ್ನು ಉತ್ತು ಮಣ್ಣಿಗೆ ಸೇರಿಸಬೇಡಿ. ಬಲಿತ ಸೊಪ್ಪು ಮಣ್ಣಿನೊಳಗೆ ಬೇಗ ಕೊಳೆಯುತ್ತದೆ, ಕಸಿಯುವಿಕೆಯೂ ಅಷ್ಟೇ ಬೇಗ ಜೋರಾಗುತ್ತದೆ. ಮೇಲೆ ಹಾಸಿದ್ದು ನಿಧಾನ. ಮುಂದಿನ ಹಂಗಾಮಿಗೆ ಹೂವಿನ ಆರಂಭದಲ್ಲೇ ಕಡಿಯಿರಿ, ಹುಲ್ಲಿನ ಜೊತೆ ದ್ವಿದಳ ಬೆರೆಸಿ ಬಿತ್ತಿ, ಗೊಬ್ಬರವನ್ನು ಸೊಪ್ಪಿನ ಮೇಲೆ ಎರಚದೆ ಬೀಜದ ಸಾಲಿನಿಂದ ಸುಮಾರು 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಕ್ಕೆ ಇಡಿ. ಬೀಜಕ್ಕೇ ತಾಗಿಸಿದ ಡಿಎಪಿ ಮೊಳಕೆ ಸುಡುತ್ತದೆ.

ಎಚ್ಚರಿಕೆ ಇಲ್ಲೂ ಇದೆ. ಹೊದಿಕೆಯಾಗಿ ಬೆಳೆಸುವ ನಸುಗುನ್ನಿ ಬಳ್ಳಿಯ ಕಾಯಿಯ ರೋಮ ಮೈಗೆ ತಾಗಿದರೆ ತಡೆಯಲಾರದ ತುರಿಕೆ, ಕಣ್ಣಿಗೆ ಅಪಾಯ. ಸೆಣಬಿನ (ಕ್ರೊಟಲೇರಿಯಾ) ಜಾತಿಯ ಬೀಜಗಳಲ್ಲಿ ಜಾನುವಾರಿನ ಯಕೃತ್ತು ಕೆಡಿಸುವ ವಿಷವಿದೆ. ಎಳೆಯ ಜೋಳವನ್ನು, ಬರ ಕಂಡು ಮತ್ತೆ ಚಿಗುರಿದ ಜೋಳವನ್ನು ದನ ಮೇಯಿಸಬೇಡಿ, ಅದರಲ್ಲಿ ಸಯನೈಡ್ ಹುಟ್ಟುತ್ತದೆ. ಹೊದಿಕೆ ಒಣಗಿಸಲು ಕಳೆನಾಶಕ ಬಳಸುವವರು ಪ್ಯಾರಾಕ್ವಾಟ್‌ನಿಂದ ದೂರವಿರಿ. ಒಳಗೆ ಹೋದರೆ ಅದಕ್ಕೆ ಪ್ರತಿವಿಷ ಇಲ್ಲ. ದಟ್ಟ ಹಾಸಿನೊಳಗೆ ಹಾವಿರಬಹುದು, ಬೂಟಿಲ್ಲದೆ ಕಾಲಿಡಬೇಡಿ.

ಉಳುಮೆ ಬಿಟ್ಟು ಕೆಲವು ವರ್ಷವಾಗಿದೆ. ಮಳೆ ಹತ್ತು ದಿನ ಹೋದರೆ ಸಾಕು, ಬೆಳೆ ಮಂಕಾಗುತ್ತದೆ

ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ರೈತ 1972ರಲ್ಲಿ ಉಳದೆ ಬಿತ್ತಲು ಶುರುಮಾಡಿದ್ದು ಮಳೆಗೆ ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು. ಆ ಕೆಲಸವನ್ನು ಈ ಪದ್ಧತಿ ಚೆನ್ನಾಗಿಯೇ ಮಾಡುತ್ತದೆ. ರಂಜಕಕ್ಕೂ ಅದರಿಂದ ಲಾಭವಿದೆ: ಮಣ್ಣು ಕಲಕದ ಕಾರಣ ಗೊಬ್ಬರ ಹೊಸ ಕಬ್ಬಿಣದ ಮೈಗೆ ತಾಗುವುದು ಕಡಿಮೆ, ಸಾವಯವ ರೂಪದ ರಂಜಕ ಉಳಿಯುತ್ತದೆ, ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರದ ಜಾಲ ಕಡಿದುಹೋಗುವುದಿಲ್ಲ.

ಆದರೆ ಕಲಕದಿದ್ದರೆ ಹಾಕಿದ್ದು ಹಾಕಿದಲ್ಲೇ. ಎರಚಿದ ಗೊಬ್ಬರ ಮೇಲಿದೆ. ಹೊದಿಕೆ ಬೆಳೆ ಆಳದಿಂದ ಎತ್ತಿದ್ದೂ ಎಲೆಯಾಗಿ ಉದುರಿ ಮೇಲೆಯೇ ಸೇರುತ್ತದೆ. ವರ್ಷಗಳು ಕಳೆದಂತೆ ಮೇಲಿನ 5 ಸೆಂ.ಮೀ. ಶ್ರೀಮಂತ, ಕೆಳಗೆಲ್ಲ ಬಡತನ. ಮಳೆ ಸರಿಯಾಗಿದ್ದಾಗ ಯಾರಿಗೂ ಇದು ಗೊತ್ತಾಗುವುದಿಲ್ಲ. ಮೇಲ್ಮಣ್ಣು ಒಣಗಿದ ಕೂಡಲೇ ರಂಜಕ ಚಲಿಸಲು ಬೇಕಾದ ನೀರಿನ ಪೊರೆ ಕಡಿದುಹೋಗುತ್ತದೆ. ನೀರಿಗಾಗಿ ಬೇರು ಕೆಳಗಿಳಿಯುತ್ತದೆ. ಅಲ್ಲಿ ನೀರಿದೆ, ಊಟವಿಲ್ಲ.

ಖರ್ಚಿಲ್ಲದ ಮೊದಲ ಪರೀಕ್ಷೆ ಕಣ್ಣಿನದು. ಹಾಸು ದಪ್ಪಗಿರುವ ಕಡೆ ಬೆಳೆ ಚೆನ್ನಾಗಿದ್ದು, ನೆಲ ಬೋಳಾಗಿರುವ ಕಡೆ ಮಂಕಾಗಿದ್ದರೆ ಸಮಸ್ಯೆ ರಂಜಕದ ಪ್ರಮಾಣಕ್ಕಿಂತ ಮೇಲ್ಮಣ್ಣಿನ ತೇವದ್ದು. ಹಾಸು ಹೆಚ್ಚಿಸಿ, ಅದರಡಿ ತೇವ ಉಳಿದಷ್ಟು ದಿನ ರಂಜಕದ ಓಡಾಟ ಉಳಿಯುತ್ತದೆ.

ಎರಡನೆಯದಕ್ಕೆ ಸ್ವಲ್ಪ ದುಡ್ಡು ಬೇಕು. 0–5, 5–10, 10–20 ಸೆಂ.ಮೀ. ಮಣ್ಣನ್ನು ಮೂರು ಬಕೆಟ್ಟಿಗೆ ಪ್ರತ್ಯೇಕವಾಗಿ ತೆಗೆದು ಪರೀಕ್ಷೆಗೆ ಕಳಿಸಿ. ಎಲ್ಲವನ್ನೂ ಕಲಸಿ ಕಳಿಸಿದರೆ ‘ಮಧ್ಯಮ’ ಎಂಬ ಹಿತವಾದ ಸುಳ್ಳು ಬರುತ್ತದೆ. ನಾನು ಅಂಥ ಮಧ್ಯಮವನ್ನು ವರ್ಷಗಟ್ಟಲೆ ನಂಬಿದವನು.

ಮೇಲೆ ರಾಶಿ, ಕೆಳಗೆ ಖಾಲಿ ಎಂದು ಖಚಿತವಾದರೆ ಗೊಬ್ಬರ ಎರಚುವುದನ್ನು ಬಿಟ್ಟು ಕೂರಿಗೆಯಿಂದ ಸಾಲಿನಲ್ಲಿ ಆಳಕ್ಕೆ ಇಳಿಸಿ. ಒಮ್ಮೆ ಪೂರ್ತಿ ಉತ್ತು ಕಲಸುವುದು ಕೊನೆಯ ದಾರಿ. ಅದನ್ನು ತಪ್ಪು ಎನ್ನಲಾರೆ. ಆದರೆ ಇಳಿಜಾರಿನ ಹೊಲದಲ್ಲಿ, ಮಳೆಗಾಲದ ಬಾಯಲ್ಲಿ ಮಾಡಿದರೆ ಎಲ್ಲಕ್ಕಿಂತ ಶ್ರೀಮಂತವಾದ ಆ ಮೇಲಿನ ಪದರವೇ ಹಳ್ಳ ಸೇರುತ್ತದೆ.

ಪ್ರತಿವರ್ಷ ಚೆನ್ನಾಗಿ ಉಳುತ್ತೇವೆ, ಗೊಬ್ಬರವನ್ನೂ ಎರಚುತ್ತೇವೆ, ಆದರೂ ಬೆಳೆ ಏಳುತ್ತಿಲ್ಲ

ಹಿಂದಿನದರ ತದ್ವಿರುದ್ಧ. ಹುಲ್ಲುಗಾವಲನ್ನೋ ಹಳೆಯ ಪಾಳು ನೆಲವನ್ನೋ ಉತ್ತ ಮೊದಲ ವರ್ಷ ಬೆಳೆ ಭರ್ಜರಿಯಾಗಿ ಬರುತ್ತದೆ. ಉಳುಮೆಯಿಂದ ಗಾಳಿಯಾಡಿ ಸಾವಯವ ಅಂಶ ಕೊಳೆತು ಅದರೊಳಗಿನ ರಂಜಕ ಹೊರಬಂದದ್ದು ಅದಕ್ಕೆ ಕಾರಣ. ‘ಉತ್ತರೆ ಬೆಳೆಯುತ್ತದೆ’ ಎಂಬ ನಂಬಿಕೆ ಗಟ್ಟಿಯಾಗುವುದೂ ಆ ವರ್ಷವೇ. ಆಮೇಲೆ ಗಂಟು ಕರಗುತ್ತದೆ. ಜೊತೆಗೆ ಪ್ರತಿ ಉಳುಮೆಯೂ ಮಣ್ಣಿನ ಕಣಗುಚ್ಛ ಒಡೆದು ಒಳಗೆ ಅಡಗಿದ್ದ ಕಬ್ಬಿಣದ ಹೊಸ ಮೈ ತೆರೆಯುತ್ತದೆ, ಎರಚಿದ ಗೊಬ್ಬರವನ್ನು ಅದಕ್ಕೆ ಉಣಿಸುತ್ತದೆ. ಆಳ ಉಳುಮೆ ರಂಜಕವಿಲ್ಲದ ಕೆಳಮಣ್ಣನ್ನು ಮೇಲೆ ತಂದಿದ್ದರೆ ನೆಲದ ಬಣ್ಣವೇ ಹೇಳುತ್ತದೆ: ಕಪ್ಪು ಛಾಯೆ ಹೋಗಿ ಕಡುಗೆಂಪು ಅಥವಾ ಹಳದಿ ಮೇಲೆ ಕಾಣುತ್ತದೆ.

ಕಡಲೆ ಗಾತ್ರದ ಕೆಲವು ಒಣ ಹೆಂಟೆಗಳನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಹೊಲದ್ದೊಂದು ಲೋಟ, ಎಂದೂ ಉಳದ ಬೇಲಿ ಬುಡದ್ದೊಂದು. ಹೊಲದ್ದು ಕೆಲವೇ ನಿಮಿಷದಲ್ಲಿ ಕರಗಿ ಗೋಡು ಕೂತು, ಬೇಲಿಯದ್ದು ಗಟ್ಟಿಯಾಗಿ ನಿಂತಿದ್ದರೆ ಕಣಗುಚ್ಛಗಳನ್ನು ನೇಗಿಲು ಮುಗಿಸಿದೆ.

ಇಂಥ ಹೊಲದಲ್ಲಿ ಮೊದಲು ಬದಲಿಸಬೇಕಾದದ್ದು ಗೊಬ್ಬರ ಇಡುವ ಜಾಗ. ಸಾಲಿನಲ್ಲಿ ಒತ್ತಾಗಿ ಇಟ್ಟ ರಂಜಕ ಕಡಿಮೆ ಮಣ್ಣಿಗೆ ತಾಗುತ್ತದೆ, ಕಡಿಮೆ ಸಿಕ್ಕಿಬೀಳುತ್ತದೆ. ಉಳುಮೆಯ ಸಂಖ್ಯೆ ತಗ್ಗಿಸುವುದು, ಹೊದಿಕೆ ಬೆಳೆ ತರುವುದು ಎರಡನೆಯ ಹೆಜ್ಜೆ. ಅದರ ಫಲ ಒಂದೇ ಹಂಗಾಮಿನಲ್ಲಿ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಪಾಳು ಬಿಟ್ಟ ಅಥವಾ ಸಾಸಿವೆ, ಮೂಲಂಗಿ ಬೆಳೆದ ಜಾಗದಲ್ಲಿ ಮುಂದಿನ ಬೆಳೆ ಕುಳ್ಳಾಗಿದೆ

ನೆಲಕ್ಕೆ ವಿಶ್ರಾಂತಿ ಕೊಟ್ಟರೂ ಬೆಳೆ ಕೆಡುವುದು ವಿಚಿತ್ರವೆನಿಸಬಹುದು. ಆಸ್ಟ್ರೇಲಿಯಾದಲ್ಲಿ ಉದ್ದನೆಯ ಪಾಳಿನ ನಂತರ ಸೂರ್ಯಕಾಂತಿಯಂಥ ಬೆಳೆಗಳು ಹೀಗೆ ಸೊರಗುತ್ತಿದ್ದವು. ಬೇರಿಗೆ ಜೊತೆಯಾಗುವ ಮೈಕೋರೈಜಾ ಶಿಲೀಂಧ್ರ ಮಣ್ಣಿನಲ್ಲಿ ಕ್ಷೀಣಿಸಿದ್ದೇ ಕಾರಣವೆಂದು ಜೆ.ಪಿ. ಥಾಂಪ್ಸನ್ 1987ರಲ್ಲಿ ವರದಿ ಮಾಡಿದರು. ಈ ಶಿಲೀಂಧ್ರದ ಎಳೆಗಳು ಬೇರಿನ ಕೂದಲು ತಲುಪದ ದೂರದಿಂದ ರಂಜಕ ಹೊತ್ತು ತರುತ್ತವೆ. ಬದುಕಲು ಅದಕ್ಕೆ ಜೀವಂತ ಬೇರು ಬೇಕು. ಬೋಳು ನೆಲದಲ್ಲಿ ಅದು ಸೊರಗುತ್ತದೆ. ಸಾಸಿವೆ, ಮೂಲಂಗಿ, ಲೂಪಿನ್‌ಗಳ ಬೇರು ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಪದೇಪದೇ ಹೊಡೆಯುವ ರೋಟವೇಟರ್ ಎಳೆಗಳನ್ನು ಚಿಂದಿ ಮಾಡುತ್ತದೆ. ಮೂರೂ ಒಂದೇ ಹೊಲದಲ್ಲಿ ಸೇರಿದರೆ ಲಕ್ಷಣ ಎದ್ದು ಕಾಣುತ್ತದೆ.

ಪಾಳಿನ ಅಂಚಿನಲ್ಲಿ ಕಳೆ ಬೆಳೆದಿದ್ದ ಕಡೆ ಈಗ ಬೆಳೆ ಚೆನ್ನಾಗಿದೆಯೇ ನೋಡಿ. ಹೌದಾದರೆ ಅನುಮಾನ ಬಲವಾಯಿತು. ಮುಂದಿನ ಸಲ ಅಲಸಂದೆ, ಸಜ್ಜೆಯಂಥ ಶಿಲೀಂಧ್ರ ಸಾಕುವ ಗಿಡ ನಡುವೆ ಇರಲಿ. ಮೂಲಂಗಿ ಬೇಕೇ ಬೇಕೆಂದರೆ ಇವುಗಳ ಜೊತೆ ಬೆರೆಸಿ. ಆ ಹಂಗಾಮಿನ ಬೆಳೆಗೆ ಬಿತ್ತುವಾಗ ಸಾಲಿನಲ್ಲಿ ಸ್ವಲ್ಪ ರಂಜಕ ಕೊಟ್ಟರೆ ಸಾಕು.

ಭತ್ತ ಚೆನ್ನಾಗಿ ಬಂತು, ಅದೇ ಗದ್ದೆಯ ಒಣ ಬೆಳೆಗೆ ರಂಜಕದ ಕೊರತೆ

ನೀರು ನಿಂತಾಗ ಗಾಳಿಯಿಲ್ಲದ ಮಣ್ಣಿನಲ್ಲಿ ಕಬ್ಬಿಣ ಕರಗುವ ರೂಪಕ್ಕೆ ಬಂದು, ಹಿಡಿದಿದ್ದ ರಂಜಕ ಬಿಡುತ್ತದೆ. ನೀರು ಬಸಿದು ಒಣಗಿದಾಗ ಅದೇ ಕಬ್ಬಿಣ ಹೊಸ ಆಕ್ಸೈಡಾಗಿ ಗಟ್ಟಿಯಾಗಿ ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಕೆಸರು ಮಾಡಿದ್ದರಿಂದ ಕೆಳಗೆ ಗಟ್ಟಿ ಪದರವೂ ಇರುತ್ತದೆ. ಹಾಗಾಗಿ ರಂಜಕ ಗೊಬ್ಬರವನ್ನು ಭತ್ತಕ್ಕಿಂತ ಅದರ ನಂತರದ ಬೆಳೆಗೆ ಸಾಲಿನಲ್ಲಿ ಕೊಡುವುದು ಜಾಣತನ.

ಮಣ್ಣು ಪರೀಕ್ಷೆ ‘ರಂಜಕ ಹೆಚ್ಚಿದೆ’ ಎನ್ನುತ್ತದೆ, ಗಿಡ ‘ಇಲ್ಲ’ ಎನ್ನುತ್ತದೆ

ವರದಿಯಲ್ಲಿ ರಂಜಕ ಅಳೆದದ್ದು ಯಾವ ವಿಧಾನದಿಂದ ಎಂದು ಹುಡುಕಿ. ಬ್ರೇ ವಿಧಾನ ಆಮ್ಲೀಯ ಮಣ್ಣಿಗೆ, ಓಲ್ಸನ್ ವಿಧಾನ ಸುಣ್ಣ ತುಂಬಿದ ಮಣ್ಣಿಗೆ ರೂಪುಗೊಂಡವು. ಒಂದರ ಅಂಕಿಯನ್ನು ಇನ್ನೊಂದರ ಕೋಷ್ಟಕದಲ್ಲಿ ಓದಿದರೆ ಅನರ್ಥ. ಹಿಂದೆ ಶಿಲಾರಂಜಕ (ರಂಜಕವಿರುವ ಕಲ್ಲಿನ ಪುಡಿ) ಹಾಕಿದ್ದರೆ ಮೆಹ್ಲಿಕ್-1ರಂಥ ಆಮ್ಲದ ದ್ರಾವಣ ಇನ್ನೂ ಕರಗದ ಕಲ್ಲನ್ನೂ ಕರಗಿಸಿ ‘ಹೆಚ್ಚು’ ಎಂದು ತೋರಿಸುತ್ತದೆ. ವರದಿಯ ಅಂಕಿ ರಂಜಕದ್ದೋ ರಂಜಕದ ಪೆಂಟಾಕ್ಸೈಡಿನದೋ (P₂O₅) ನೋಡಿ, ಪೆಂಟಾಕ್ಸೈಡನ್ನು 0.44ರಿಂದ ಗುಣಿಸಿದರೆ ರಂಜಕ ಸಿಗುತ್ತದೆ. ಇನ್ನು ಮಾದರಿ ತೆಗೆದ ಗುಣಿ ಹಿಂದಿನ ಗೊಬ್ಬರದ ಸಾಲಿನ ಮೇಲೆ ಬಿದ್ದಿತ್ತೇ? ಮಣ್ಣು ತುಂಬಿದ್ದು ಗೊಬ್ಬರದ ಹಳೆಯ ಚೀಲಕ್ಕೇ? ಹಾಗಾದರೆ ವರದಿ ಹರಿದುಹಾಕಿ, 15ರಿಂದ 20 ಕಡೆಯ ಮಣ್ಣು ಸೇರಿಸಿ ಮತ್ತೆ ಕಳಿಸಿ.

ಹೊದಿಕೆ ಬೆಳೆಯ ಹೊಲದಲ್ಲಿ ಇದರ ವಿರುದ್ಧವೂ ನಡೆಯುತ್ತದೆ. ಸಾವಯವ ರೂಪದ ರಂಜಕವನ್ನು ಈ ಪರೀಕ್ಷೆಗಳು ಬಹುಪಾಲು ಎಣಿಸುವುದಿಲ್ಲ. ವರದಿ ‘ಕಡಿಮೆ’ ಎಂದರೂ ಬೆಳೆ ನಗುತ್ತಿದ್ದರೆ ಬೆಳೆಯನ್ನೇ ನಂಬಿ. ಮೆಕ್ಕೆಜೋಳಕ್ಕೆ ರೇಷ್ಮೆ ಬಂದಾಗ ತೆನೆಯ ಬುಡದ ಎಲೆ ಕಳಿಸಿದರೆ ಅದರಲ್ಲಿ ಶೇ 0.25ರಷ್ಟು ರಂಜಕವಿರಬೇಕು, ಅದಕ್ಕಿಂತ ಕಡಿಮೆಯಿದ್ದರೆ ಕೊರತೆ ನಿಜ.

ಇಷ್ಟಾದರೂ ಗೊಂದಲ ಉಳಿದರೆ ಹೊಲದಲ್ಲೇ ಕೇಳಿ. ಬಿತ್ತನೆ ವೇಳೆ ಪಕ್ಕಪಕ್ಕದಲ್ಲಿ 5 ಮೀಟರ್ ಉದ್ದಗಲದ ಎರಡು ತುಂಡು ಗುರುತಿಸಿ. ಒಂದಕ್ಕೆ ಹೆಕ್ಟೇರಿಗೆ 40 ಕಿಲೋ ಪೆಂಟಾಕ್ಸೈಡಿನ ಲೆಕ್ಕದಲ್ಲಿ ಶೇ 16ರ ಸಿಂಗಲ್ ಸೂಪರ್ ಫಾಸ್ಫೇಟ್ 625 ಗ್ರಾಂ ಕೊಡಿ, ಇನ್ನೊಂದಕ್ಕೆ ರಂಜಕ ಬೇಡ. ಸಾರಜನಕ, ಪೊಟ್ಯಾಶ್ ಎರಡಕ್ಕೂ ಸಮ. ಸೂಪರ್ ಫಾಸ್ಫೇಟಿನಲ್ಲಿ ಗಂಧಕವೂ ಇರುವುದರಿಂದ, ರಂಜಕವಿಲ್ಲದ ತುಂಡಿಗೆ ಸುಮಾರು 400 ಗ್ರಾಂ ಜಿಪ್ಸಂ ಹಾಕಿ. ಇಲ್ಲವಾದರೆ ಗಂಧಕ ಮಾಡಿದ ಕೆಲಸಕ್ಕೆ ರಂಜಕ ಹೆಸರು ಪಡೆಯುತ್ತದೆ.

ರಂಜಕದ ತುಂಡು ಎದ್ದು ಕಂಡರೆ ಕೊರತೆ ನಿಜ. ಗೊಬ್ಬರವನ್ನು ಎಲ್ಲಿ, ಎಂದು ಇಡಬೇಕೆಂದು ಮೇಲಿನ ಭಾಗಗಳಿಂದ ನಿರ್ಧರಿಸಿ. ಎರಡೂ ಸಮನಾಗಿ ಚೆನ್ನಾಗಿದ್ದರೆ ಈ ವರ್ಷ ರಂಜಕ ಕೊಳ್ಳುವ ಅಗತ್ಯವಿಲ್ಲ. ಎರಡೂ ಸಮನಾಗಿ ಸೊರಗಿದ್ದರೆ ಗೊಬ್ಬರದ ಮಾತು ನಿಲ್ಲಿಸಿ. ಬೇರೇ ಊದಿ ಗಂಟು ಕಟ್ಟಿದ್ದರೆ (ದ್ವಿದಳದ ಸಹಜ ಗಂಟಲ್ಲ) ಜಂತುಹುಳು, ಕೊಳೆತಿದ್ದರೆ ರೋಗ. ಸುತ್ತಲ ತೇವದ ಮಣ್ಣಿನ ಸಮೇತ ನಾಲ್ಕೈದು ಗಿಡಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗೆ ಇಡದೆ, ಅದೇ ದಿನ ಸಸ್ಯರೋಗ ತಜ್ಞರಿಗೆ ತಲುಪಿಸಿ.